ಹೆಪ್ಪುಗಟ್ಟದ ಹುಳ

ಕೇಳುಗರಿಗೆ ನಮಸ್ಕಾರ. ಮೊನ್ನೆ ದೇವರಾಜ ಮಾರ್ಕೆಟ್ಟಿನಲ್ಲಿ ಸೊಗಡಿನ ಅವರೆಕಾಯಿ ಆರಿಸುತ್ತಾ ನಿಂತಿದ್ದೆ. ಪಕ್ಕದಲ್ಲಿದ್ದ ಅಜ್ಜಿ, "ಈ ಸಲ ಚಳಿ ಜಾಸ್ತಿ, ಹುಳ ಎಲ್ಲಾ ಸತ್ತೋಗಿರ್ತವೆ ಬುಡಿ" ಅಂದರು. ಅನ್ನುತ್ತಿದ್ದ ಹಾಗೇ ಅವರ ಕೈಯಲ್ಲಿದ್ದ ಕಾಯಿಂದಲೇ ಹಸಿರು ಹುಳವೊಂದು ಮೈ ಮುರಿಯುತ್ತಾ ಹೊರಗೆ ಬಂತು.

ನಮ್ಮ ಚಳಿ ಎಂಥ ಚಳಿ ಬಿಡಿ. ಕುಕ್ಕರಹಳ್ಳಿ ಕೆರೆ ಸುತ್ತುವವರ ಮಫ್ಲರ್ ನೋಡಿದರೆ ಹಿಮ ಬಿದ್ದಿದೆ ಅನ್ನಬೇಕು, ಆದರೆ ಮೈಸೂರಿನಲ್ಲಿ 10 ಡಿಗ್ರಿಗಿಂತ ಕೆಳಗೆ ಇಳಿಯುವುದೇ ಅಪರೂಪ. ಕೆನಡಾದ ಬ್ರಿಟಿಷ್ ಕೊಲಂಬಿಯಾದ ಕಾಡುಗಳಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಹೋಗುವುದುಂಟು. ಅಲ್ಲಿ ಪೈನ್ ಮರದ ತೊಗಟೆಯೊಳಗೆ ಒಂದು ದುಂಬಿಯ ಮರಿಹುಳ ಚಳಿಗಾಲ ಕಳೆಯುತ್ತದೆ. ಬೆಳೆದ ದುಂಬಿಯೂ ಅಕ್ಕಿಕಾಳಿನಷ್ಟೇ. ಆದರೂ 1990ರ ದಶಕದಿಂದೀಚೆಗೆ ಅದು ಆ ಒಂದೇ ಪ್ರಾಂತ್ಯದಲ್ಲಿ ಸುಮಾರು 1.8 ಕೋಟಿ ಹೆಕ್ಟೇರ್ ಕಾಡಿಗೆ ಕೈಯಿಟ್ಟಿದೆ.

ಅಷ್ಟು ಚಳಿಗೆ ಹುಳ ಯಾಕೆ ಸಾಯಲ್ಲ? ಹಾಲು ಮೊಸರಾಗಬೇಕಾದರೆ ಒಂದು ಚಮಚ ಹೆಪ್ಪು ಬೇಕಲ್ವಾ? ನೀರು ಮಂಜುಗಡ್ಡೆ ಆಗೋದಕ್ಕೂ ಹಾಗೇ, ಶುರು ಮಾಡಿಕೊಡೋಕೆ ಧೂಳಿನದೋ ಇನ್ನೇನದೋ ಒಂದು ಕಣ ಬೇಕು. ಅದು ಸಿಗದಿದ್ದರೆ ಸಣ್ಣ ಹನಿ ಸೊನ್ನೆಗಿಂತ ಎಷ್ಟೋ ಕೆಳಗೂ ನೀರಾಗಿಯೇ ಇರುತ್ತದೆ. ಹುಳದ ಮೈಯಲ್ಲಿ ಇಂಥ ಹೆಪ್ಪು ಇರೋದು ಹೊಟ್ಟೆಯೊಳಗಿನ ಊಟದ ಚೂರಿನಲ್ಲಿ. ಅದಕ್ಕೇ ಬಹಳಷ್ಟು ಹುಳುಗಳು ಚಳಿಗೆ ಮುಂಚೆ ಉಪವಾಸ ಕೂತು ಹೊಟ್ಟೆ ಖಾಲಿ ಮಾಡಿಕೊಳ್ಳುತ್ತವೆ. (ನಮ್ಮ ಏಕಾದಶಿಗಿಂತ ಕಟ್ಟುನಿಟ್ಟು ಅನ್ನಿ.) ಜೊತೆಗೆ ಮೈಯಲ್ಲಿ ಗ್ಲಿಸರಿನ್ ತುಂಬಿಕೊಳ್ಳುತ್ತವೆ, ಚಳಿಗೆ ಕೆನ್ನೆ ಒಡೆದರೆ ನಾವು ಹಚ್ಚಿಕೊಳ್ತೀವಲ್ಲ, ಅದೇ. ಮೈಯೊಳಗೆ ಗಡ್ಡೆ ಕಟ್ಟಿದರೂ ಬದುಕುವ ಹುಳುಗಳೂ ಇವೆ, ಅದು ಬೇರೆ ಕಥೆ.

ಆದರೆ ಈ ಗ್ಲಿಸರಿನ್ ಒಂದೇ ದಿನಕ್ಕೆ ತುಂಬಲ್ಲ. ಚಳಿ ಮೆಲ್ಲಗೆ ಏರಿದ ಹಾಗೆ ಅದೂ ಏರುತ್ತದೆ, ವಸಂತಕ್ಕೆ ಹುಳ ಮತ್ತೆ ತಿನ್ನೋಕೆ ಶುರು ಮಾಡಿದರೆ ಇಳಿಯುತ್ತದೆ. ನಟ್ಟ ನಡುವಿನ ಜನವರಿಯಲ್ಲಿ ಈ ದುಂಬಿಯ ಮರಿ ಸಾಯಬೇಕಾದರೆ ಸೊನ್ನೆಗಿಂತ 40 ಡಿಗ್ರಿ ಹತ್ತಿರದ ಚಳಿ ಬೇಕು. ಅದೇ ನವೆಂಬರ್ ಶುರುವಿನಲ್ಲೋ ಮಾರ್ಚಿಯಲ್ಲೋ ದಿಢೀರನೆ ಸೊನ್ನೆಗಿಂತ 25 ಡಿಗ್ರಿ ಕೆಳಗೆ ಹೋದರೆ ಸಾಕು, ರಾಶಿ ರಾಶಿ ಸಾಯುತ್ತವೆ. ಅಂಥ ಚಳಿ ಈಗ ಅಲ್ಲಿ ಕಮ್ಮಿಯಾಗಿದೆ, ದುಂಬಿ ಹೆಚ್ಚಿದ್ದಕ್ಕೆ ಅದೂ ಒಂದು ಕಾರಣ.

ನಮ್ಮಲ್ಲಿ ಹುಳುಗಳಿಗೆ ಕಷ್ಟ ಬೇಸಿಗೆಯದು. ಕಡಲೆಕಾಯಿ ಹೊಲದ ಕಂಬಳಿ ಹುಳ ಕೋಶ ಕಟ್ಟಿಕೊಂಡು ಮಣ್ಣೊಳಗೆ ಮಲಗಿ, ಮುಂಗಾರಿನ ಮೊದಲ ಹದ ಮಳೆಗೆ ಚಿಟ್ಟೆಯಾಗಿ ಎದ್ದು ಬರುತ್ತದೆ. ಅದಕ್ಕೇ ನಮ್ಮ ರೈತರು ಮಾಗಿ ಉಳುಮೆ ಬಿಡಬಾರದು ಅನ್ನೋದು. ಮಣ್ಣು ಮಗುಚಿದಾಗ ಕೋಶ ಬಿಸಿಲಿಗೆ ಬೀಳುತ್ತದೆ. ಆಗ ನೇಗಿಲಾಗಲಿ ಟ್ರ್ಯಾಕ್ಟರಾಗಲಿ, ಹಿಂದೆ ನೋಡಿ, ಬೆಳ್ಳಕ್ಕಿ, ಗೊರವಂಕ ಎಲ್ಲಾ ಪಂಕ್ತಿ ಊಟಕ್ಕೆ ಬಂದ ಹಾಗೆ ಸಾಲಾಗಿ ನಡೆದು ಬರುತ್ತಿರುತ್ತವೆ.