ಅಂಚೆ ಕಚೇರಿಗೆ ಹಾಕಿದ ಕನ್ನ

ಅಧ್ಯಕ್ಷರೇ, ಅಧ್ಯಾಪಕ ಮಿತ್ರರೇ, ಕಾನೂನು ವಿದ್ಯಾರ್ಥಿಗಳೇ,

ಅಮೆರಿಕದ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಕಾನೂನು ಸಂಹಿತೆಯ 18ನೇ ಶೀರ್ಷಿಕೆಯಲ್ಲಿರುವ 2115ನೇ ಕಲಮು ಒಂದೇ ವಾಕ್ಯದ್ದು. ಯಾವುದೇ ಅಂಚೆ ಕಚೇರಿಯನ್ನಾಗಲಿ, ಪೂರ್ತಿಯಾಗಿಯೋ ಭಾಗಶಃವೋ ಅಂಚೆ ಕಚೇರಿಯಾಗಿ ಬಳಕೆಯಲ್ಲಿರುವ ಕಟ್ಟಡವನ್ನಾಗಲಿ, ಹಾಗೆ ಬಳಕೆಯಲ್ಲಿರುವ ಭಾಗದಲ್ಲಿ ಕಳವನ್ನೋ ಇತರ ಲೂಟಿಯನ್ನೋ ನಡೆಸುವ ಉದ್ದೇಶದಿಂದ ಬಲವಂತವಾಗಿ ಒಡೆದು ಹೊಕ್ಕವನಿಗೆ, ಹೊಗಲು ಯತ್ನಿಸಿದವನಿಗೆ ಕೂಡ, ಐದು ವರ್ಷ ಮೀರದ ಸೆರೆವಾಸ, ಇಲ್ಲವೇ ದಂಡ, ಇಲ್ಲವೇ ಎರಡೂ. ಈ ವಾಕ್ಯದ ಜೀವ ಇರುವುದು 'ಹಾಗೆ ಬಳಕೆಯಲ್ಲಿರುವ' ಎಂಬ ಮಾತಿನಲ್ಲಿ. ಈ ಕಲಮು ಕಾಯುವುದು ಗೋಡೆಯನ್ನಲ್ಲ, ಗೋಡೆಯೊಳಗೆ ನಡೆಯುವ ಅಂಚೆಯ ಕೆಲಸವನ್ನು ಎಂಬುದು ನನ್ನ ವಾದ.

ಇದು ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ. ನನ್ನ ಅಜ್ಜ ಮಲೆನಾಡಿನ ಹಳ್ಳಿಯೊಂದರ ಶಾಖಾ ಅಂಚೆ ಕಚೇರಿಯ ಪೋಸ್ಟ್ ಮಾಸ್ಟರ್ ಆಗಿದ್ದರು. ಕಚೇರಿಯೆಂದರೆ ನಮ್ಮ ಮನೆಯ ಜಗುಲಿಯ ಒಂದು ಮೂಲೆ: ಒಂದು ಮೇಜು, ಒಂದು ತಕ್ಕಡಿ, ಮೊಹರು, ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆ. ಒಂದು ಮಳೆಗಾಲದ ರಾತ್ರಿ ಕಳ್ಳನೊಬ್ಬ ಆ ಮೂಲೆಯ ಕಿಟಕಿಯ ಸರಳನ್ನೇ ಬಗ್ಗಿಸಿ ಒಳಬಂದು, ಅಂಚೆ ಪೆಟ್ಟಿಗೆಯನ್ನು ದಾಟಿ ನೇರವಾಗಿ ಬಚ್ಚಲಿಗೆ ಹೋಗಿ, ಅಜ್ಜಿಯ ತವರಿನಿಂದ ಬಂದ ತಾಮ್ರದ ಹಂಡೆಯನ್ನು ಹೊತ್ತುಕೊಂಡು ಹೋದ. ಬೆಳಿಗ್ಗೆ ಅಜ್ಜಿ 'ಹಂಡೆ ಹೋಯಿತಲ್ರೀ' ಎಂದು ಗೋಳಾಡುತ್ತಿದ್ದರೆ, ಅಜ್ಜ ಪೆಟ್ಟಿಗೆ ತೆರೆದು ಸ್ಟಾಂಪುಗಳನ್ನು ಎರಡು ಸಲ ಎಣಿಸಿ, 'ಅಂಚೆ ಕಚೇರಿಯಲ್ಲಿ ಏನೂ ಕಳವಾಗಿಲ್ಲ' ಎಂದು ಮೇಲಿನವರಿಗೆ ವರದಿ ಬರೆದರು. ಆ ವರದಿಯಲ್ಲಿ ಹಂಡೆಯ ಹೆಸರಿಲ್ಲ ಎಂಬ ಸಿಟ್ಟು ಅಜ್ಜಿಗೆ ಕೊನೆಯವರೆಗೂ ಹೋಗಲಿಲ್ಲ.

ಈಗ ಆ ಮನೆಯನ್ನು ಎತ್ತಿ ಅಮೆರಿಕದಲ್ಲಿ ಇಟ್ಟು ನೋಡಿ. ಕಟ್ಟಡ ಭಾಗಶಃ ಅಂಚೆ ಕಚೇರಿ, ಹೌದು. ಒಡೆದು ಹೊಕ್ಕದ್ದು ಅಂಚೆಯ ಮೂಲೆಯಿಂದಲೇ, ಹೌದು. ಆದರೆ ಕಳ್ಳನ ಮನಸ್ಸು ಇದ್ದದ್ದು ಬಚ್ಚಲಿನಲ್ಲಿ. ಆದ್ದರಿಂದ 2115ನೇ ಕಲಮು ಅವನನ್ನು ಮುಟ್ಟುವುದಿಲ್ಲ. ಅವನನ್ನು ಹಿಡಿಯಬೇಕಾದದ್ದು ಆಯಾ ರಾಜ್ಯದ ಕಾನೂನು. ಅಜ್ಜನ ವರದಿ ಸರಿ.

ಅಮೆರಿಕದಲ್ಲಿ ಇದು ಬರಿಯ ಕಲ್ಪನೆಯಾಗಿರಲಿಲ್ಲ. 1901ರಲ್ಲಿ ಅಲ್ಲಿ 76,945 ಅಂಚೆ ಕಚೇರಿಗಳಿದ್ದವು. ಅವುಗಳಲ್ಲಿ ಅದೆಷ್ಟೋ ಕಚೇರಿಗಳು ಹಳ್ಳಿಯ ದಿನಸಿ ಅಂಗಡಿಯ ಒಂದು ಬದಿಯಲ್ಲಿ ನಡೆಯುತ್ತಿದ್ದವು. ಹಿಟ್ಟಿನ ಮೂಟೆಗೂ ಸ್ಟಾಂಪಿನ ಹಾಳೆಗೂ ಒಂದೇ ಸೂರು. ಹಿಟ್ಟು ಕದಿಯಲು ಬಂದವನನ್ನು ಫೆಡರಲ್ ನ್ಯಾಯಾಲಯಕ್ಕೆ ಎಳೆಯಲು ಆಧಾರವೇನು? ಕನ್ನ ಕಳವು ಅಲ್ಲಿ ಮೂಲತಃ ರಾಜ್ಯಗಳ ವಿಷಯ. ಸಂವಿಧಾನದ ಮೊದಲ ಅನುಚ್ಛೇದದ ಎಂಟನೇ ಪ್ರಕರಣ ಅಂಚೆ ಕಚೇರಿಗಳನ್ನೂ ಅಂಚೆ ಮಾರ್ಗಗಳನ್ನೂ ಸ್ಥಾಪಿಸುವ ಅಧಿಕಾರವನ್ನು ಕಾಂಗ್ರೆಸ್ಸಿಗೆ, ಅಂದರೆ ಅಲ್ಲಿನ ಸಂಸತ್ತಿಗೆ, ಕೊಟ್ಟಿರುವುದರಿಂದ, ಅಂಚೆಯ ಮೂಲೆಯವರೆಗೆ ಮಾತ್ರ ಫೆಡರಲ್ ಕೈ ಚಾಚಬಹುದು. ಗೋಡೆಯಲ್ಲ, ಕೆಲಸ ಎಂದು ನಾನು ಮತ್ತೆ ಹೇಳುವುದು ಇದಕ್ಕೇ.

ಇಂಗ್ಲೆಂಡಿನ ಹಳೆಯ ಕಾಮನ್ ಲಾ (ನ್ಯಾಯಾಲಯಗಳ ತೀರ್ಪುಗಳಿಂದ ಬೆಳೆದ ಕಾನೂನು) ಪ್ರಕಾರ ಕನ್ನ ಕಳವಾಗಬೇಕಾದರೆ ಅದು ಬೇರೊಬ್ಬರ ವಾಸದ ಮನೆಯಾಗಿರಬೇಕು, ಹೊತ್ತು ರಾತ್ರಿಯಾಗಿರಬೇಕು. ರಾತ್ರಿಯೆಂದರೆ ಹಗಲಿನ ಬೆಳಕು ಅಳಿದು ಮನುಷ್ಯನ ಮುಖದ ಗುರುತು ಸಿಗದಷ್ಟು ಕತ್ತಲೆ. ಬೆಳದಿಂಗಳು ಲೆಕ್ಕಕ್ಕಿಲ್ಲ, ಇಲ್ಲದಿದ್ದರೆ ಹುಣ್ಣಿಮೆಯ ಕಳ್ಳರೆಲ್ಲ ಹಗಲುಗಳ್ಳರಾಗಿಬಿಡುತ್ತಿದ್ದರು. 2115ನೇ ಕಲಮು ವಾಸದ ಮನೆಯನ್ನೂ ರಾತ್ರಿಯನ್ನೂ ಕೈಬಿಟ್ಟಿತು, 'ಒಡೆಯುವುದನ್ನು' ಮಾತ್ರ ಉಳಿಸಿಕೊಂಡಿತು. 1990ರ ಟೇಲರ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕನ್ನ ಕಳವಿಗೆ ಕೊಟ್ಟ ಸಾಮಾನ್ಯ ವ್ಯಾಖ್ಯೆಗೆ ಒಡೆಯುವುದೂ ಬೇಡ. ಅಪರಾಧದ ಉದ್ದೇಶದಿಂದ ಕಟ್ಟಡವನ್ನು ಅಕ್ರಮವಾಗಿ ಹೊಕ್ಕರೆ ಅಥವಾ ಒಳಗೇ ಉಳಿದರೆ ಸಾಕು. ಹಗಲಿನಲ್ಲಿ ಗಿರಾಕಿಯಂತೆ ಬಂದು, ಬಾಗಿಲು ಹಾಕುವವರೆಗೆ ಕಪಾಟಿನ ಹಿಂದೆ ಅವಿತು ಕುಳಿತವನು ಟೇಲರ್ ವ್ಯಾಖ್ಯೆಯೊಳಗೆ ಬರಬಹುದು, ಆದರೆ ಅಂಚೆ ಕಚೇರಿಯ ಕಲಮಿನಲ್ಲಿ 'ಒಡೆದು ಹೊಕ್ಕವನು' ಎನಿಸಿಕೊಳ್ಳುವುದು ಕಷ್ಟ.

ನಮ್ಮಲ್ಲಿ ಏನೆಂದು ಹಿಂದಿನ ಸಾಲಿನಿಂದ ಕೇಳುತ್ತಿದ್ದೀರಿ. ನಮ್ಮ ಹಳೆಯ ದಂಡಸಂಹಿತೆಯ (ಐಪಿಸಿ) 442ನೇ ಕಲಮು ಅತಿಕ್ರಮವಾಗಿ ಹೊಗಬಾರದ ಜಾಗಗಳಲ್ಲಿ ವಾಸಸ್ಥಳ, ಪೂಜಾಸ್ಥಳಗಳ ಜೊತೆಗೆ 'ಸ್ವತ್ತನ್ನು ಸುರಕ್ಷಿತವಾಗಿಡುವ ಸ್ಥಳ'ವನ್ನೂ ಸೇರಿಸಿತ್ತು; ಅಂಚೆ ಕಚೇರಿ ಆ ಬಾಗಿಲಿನಿಂದ ಒಳಬರುತ್ತದೆ. 445ನೇ ಕಲಮು ಮನೆ ಒಡೆಯುವ ಆರು ಬಗೆಗಳನ್ನು ಹೇಳಿ, ಅದೇ ಬಗೆಯಲ್ಲಿ ಒಳಗಿನಿಂದ ಹೊರಗೆ ಹೋದವನನ್ನೂ ಹಿಡಿಯುತ್ತಿತ್ತು. 2024ರ ಜುಲೈ 1ರಿಂದ ಅದರ ಬದಲಿಗೆ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 329ರಿಂದ 331ರವರೆಗಿನ ಕಲಮುಗಳಲ್ಲಿ ಇದರ ಸಾರವೆಲ್ಲ ಉಳಿದಿದೆ. ರಾತ್ರಿ ಕದಿಯಲೆಂದೇ ಮನೆ ಒಡೆದವನಿಗೆ ಇಲ್ಲಿ ಹದಿನಾಲ್ಕು ವರ್ಷದವರೆಗೆ ಶಿಕ್ಷೆಯಾಗಬಹುದು. ಅಂದರೆ ನಮ್ಮ ಕಾನೂನು ಅಜ್ಜಿಯ ಪಕ್ಷ, ಹಂಡೆಯೋ ಸ್ಟಾಂಪೋ ಎಂದು ಅದು ಕೇಳುವುದೇ ಇಲ್ಲ.

ಅಧ್ಯಕ್ಷರ ಚೀಟಿ ಬಂದಿದೆ. 1915ರ ಮಾರ್ಗನ್ ಮತ್ತು ಡಿವೈನ್ ಪ್ರಕರಣವನ್ನು ವಿವರವಾಗಿ ಹೇಳಬೇಕೆಂದಿದ್ದೆ. ಅಂಚೆ ಕಚೇರಿಯನ್ನು ಒಡೆದದ್ದು ಒಂದು ಅಪರಾಧ, ಒಳಗಿನ ಅಂಚೆ ಸ್ವತ್ತನ್ನು ಕದ್ದದ್ದು ಇನ್ನೊಂದು, ಎರಡಕ್ಕೂ ಬೇರೆಬೇರೆ ಶಿಕ್ಷೆ ಕೊಡಬಹುದು ಎಂಬುದು ಅದರ ತೀರ್ಪು. ರೈಲು ಡಬ್ಬಿ, ಉಗಿಹಡಗುಗಳಲ್ಲಿನ ಅಂಚೆಗೆ 2116ನೇ ಕಲಮು ಬೇರೆಯೇ ಇದೆ; ಅಲ್ಲಿ ಗರಿಷ್ಠ ಮೂರು ವರ್ಷ. ಅದೇಕೆ ಕಡಿಮೆ ಎಂಬುದನ್ನು ಚಹಾದ ಹೊತ್ತಿನಲ್ಲಿ ಚರ್ಚಿಸೋಣ. ಹಂಡೆ ಸಿಕ್ಕಿತೇ ಎಂದು ಮಾತ್ರ ಯಾರೂ ಕೇಳಬೇಡಿ, ಸಿಗಲಿಲ್ಲ.