ತಾರಸಿಯ ನೀರು ಯಾರ ಜವಾಬ್ದಾರಿ?

ಎಲ್ಲರಿಗೂ ನಮಸ್ಕಾರ.

ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯವನ್ನು ‘ಮೈಸೂರಿನ ಪಾರಂಪರಿಕ ಕಟ್ಟಡಗಳು ಮತ್ತು ಸಾರ್ವಜನಿಕ ಅಭಿಪ್ರಾಯ’ ಎಂದು ಅಚ್ಚು ಹಾಕಿಸಿದ್ದಾರೆ. ವಿಷಯ ದೊಡ್ಡದು. ಅಷ್ಟನ್ನೂ ಹೇಳುವ ಶಕ್ತಿ ನನಗಿಲ್ಲ. ಚಿಕ್ಕ ಗಡಿಯಾರದ ಬುಡದಲ್ಲಿ ನಿಂತರೆ ಕಣ್ಣಿಗೆ ಬೀಳುವಷ್ಟನ್ನು ಮಾತ್ರ ಹೇಳುತ್ತೇನೆ. ಹಳೆಯ ಕಟ್ಟಡ ಕೆಡವಬೇಕೋ ಉಳಿಸಬೇಕೋ ಎನ್ನುವ ಈ ಊರಿನ ಜಗಳವೆಲ್ಲ ಆ ಒಂದು ಜಾಗದಲ್ಲೇ ಇದೆ. ಒಂದು ಮಗ್ಗುಲಿಗೆ ದೇವರಾಜ ಮಾರುಕಟ್ಟೆ, ಇನ್ನೊಂದು ಮಗ್ಗುಲಿಗೆ ಲ್ಯಾನ್ಸ್‌ಡೌನ್ ಕಟ್ಟಡ. ನಡುವೆ ಈ ಚಿಕ್ಕ ಗಡಿಯಾರ, ಅಂದರೆ 1886ರ ಡಫರಿನ್ ಗಡಿಯಾರ ಗೋಪುರ.

ಲ್ಯಾನ್ಸ್‌ಡೌನ್ ಕಟ್ಟಡ 1892ರದ್ದು. ವೈಸರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದ ನೆನಪಿಗೆ ಕಟ್ಟಿದ್ದು. ಆದರೆ ನನ್ನ ವಯಸ್ಸಿನವರಿಗೆ ಅದು ವೈಸರಾಯ್ ನೆನಪಲ್ಲ, ಹಳೆಯ ಪುಸ್ತಕದಂಗಡಿಗಳ ನೆನಪು. ಕಾಲೇಜಿನ ಪಠ್ಯಪುಸ್ತಕಗಳನ್ನು ಅರ್ಧ ಬೆಲೆಗೆ ಅಲ್ಲಿ ಕೊಂಡು, ವರ್ಷ ಮುಗಿದ ಮೇಲೆ ಅಲ್ಲಿಗೇ ಮಾರುತ್ತಿದ್ದೆವು. 2012ರ ಆಗಸ್ಟಿನಲ್ಲಿ ಅದರ ಒಂದು ಭಾಗ ಕುಸಿಯಿತು. ನಾಲ್ಕು ಜನ ಸತ್ತರು. ನಾಲ್ಕು ವರ್ಷದ ಮೇಲೆ, 2016ರ ಆಗಸ್ಟಿನಲ್ಲಿ, ದೇವರಾಜ ಮಾರುಕಟ್ಟೆಯ ಉತ್ತರದ ಹೆಬ್ಬಾಗಿಲ ಕಡೆಯ ಭಾಗ ಬಿತ್ತು. ಅದು ದುರಸ್ತಿ ನಡೆಯುತ್ತಿದ್ದ ಕಾಲ. ಎರಡು ಸಲವೂ ಆಗಸ್ಟ್ ಎನ್ನುವುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಎರಡೂ ಮಳೆಗಾಲದಲ್ಲಿ ಬಿದ್ದವು.

ಆ ನಾಲ್ಕು ಸಾವುಗಳನ್ನು ಬದಿಗಿಟ್ಟು ಪರಂಪರೆಯ ಮಾತಾಡುವ ಹಕ್ಕು ನನಗಾಗಲಿ, ನನ್ನಂಥ ಹಳೆಯ ಕಟ್ಟಡ ಪ್ರೇಮಿಗಳಿಗಾಗಲಿ ಇಲ್ಲ. ‘ಕೆಡವಿಬಿಡಿ, ನಾಳೆ ಇನ್ನೊಬ್ಬರ ತಲೆ ಮೇಲೆ ಬಿದ್ದರೆ?’ ಎಂದು ಕೇಳುವವರನ್ನು ಪರಂಪರೆಯ ಶತ್ರುಗಳು ಎಂದು ಕರೆದದ್ದು ನಮ್ಮ ತಪ್ಪು. ಅವರದ್ದು ನ್ಯಾಯವಾದ ಭಯ. ಆ ಭಯಕ್ಕೆ ಉತ್ತರ ಕೊಡಬೇಕಾದರೆ ಮೊದಲು ಕಟ್ಟಡ ಯಾಕೆ ಬೀಳುತ್ತದೆ ಎನ್ನುವುದು ಗೊತ್ತಿರಬೇಕು.

ಅದನ್ನು ನಾನು ಕಲಿತದ್ದು ನಮ್ಮ ಮನೆಯಲ್ಲೇ. ಅಗ್ರಹಾರದ ಕಡೆ ನಮ್ಮದೊಂದು ತೊಟ್ಟಿ ಮನೆ ಇತ್ತು. ಮುಂದೆ ಜಗಲಿ, ನಡುವೆ ತೊಟ್ಟಿ, ಮೇಲೆ ಮದ್ರಾಸ್ ತಾರಸಿ. ಈ ತಾರಸಿಯ ಕೆಲಸ ಈಗಿನ ಹುಡುಗರು ನೋಡಿರಲಾರರು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಗೋಡೆಯಿಂದ ಗೋಡೆಗೆ ಮರದ ತೊಲೆಗಳು. ಅವುಗಳ ಮೇಲೆ ತೆಳ್ಳಗಿನ ಸಣ್ಣ ಇಟ್ಟಿಗೆಗಳನ್ನು ಮಲಗಿಸುವುದಿಲ್ಲ, ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಸಾಲು ಜೋಡಿಸುತ್ತಾರೆ. ಸಂದಿಗೆಲ್ಲ ಸುಣ್ಣದ ಗಾರೆ. ಅದರ ಮೇಲೆ ಇಟ್ಟಿಗೆ ಚೂರು, ಸುಣ್ಣ ಬೆರೆಸಿದ ಪದರ. ಆ ಪದರವನ್ನು ಹೆಂಗಸರು ಸಾಲಾಗಿ ಕೂತು ಮರದ ಕೊಡತಿಯಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಬಡಿಯುವಾಗ ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಿದ್ದರು. ಬಡಿದು ಬಡಿದು ಅದು ಕಲ್ಲಿನ ಹಾಗಾಗುತ್ತಿತ್ತು. ಇಷ್ಟೆಲ್ಲ ಮಾಡಿದ ಮೇಲೂ ತಾರಸಿಗೆ ವಾಟ, ಅಂದರೆ ಸ್ವಲ್ಪ ಇಳಿಜಾರು, ಕೊಟ್ಟು, ನೀರು ಹೊರಹೋಗಲು ಒಂದು ತೂಬು ಬಿಡುತ್ತಿದ್ದರು.

ನಮ್ಮ ಮನೆ ಹಾಳಾದದ್ದು ಆ ತೂಬಿನಿಂದ. ಪಕ್ಕದ ಮರದ ಎಲೆ ಬಿದ್ದು ತೂಬು ಕಟ್ಟಿಕೊಳ್ಳುತ್ತಿತ್ತು. ಅಜ್ಜಿ ಇರುವ ತನಕ ಮೇ ತಿಂಗಳಲ್ಲಿ ಯಾರನ್ನಾದರೂ ಮೇಲೆ ಹತ್ತಿಸುತ್ತಿದ್ದಳು. “ಲೋ, ಮಳೆ ಬರೋಕ್ ಮುಂಚೆ ತೂಬು ನೋಡ್ರೋ” ಅನ್ನುವುದು ಅವಳ ವರ್ಷಾವಧಿ ಮಾತು. ಅಜ್ಜಿ ಹೋದ ಮೇಲೆ ಮನೆ ನಾಲ್ವರು ಅಣ್ಣತಮ್ಮಂದಿರ ಜಂಟಿ ಆಸ್ತಿಯಾಯಿತು. ನಾಲ್ವರ ಆಸ್ತಿ ಎಂದರೆ ತೂಬು ಯಾರದ್ದೂ ಅಲ್ಲ. ನೀರು ನಿಂತಿತು, ತೊಲೆಯ ತಲೆಗಳು ಗೋಡೆಯೊಳಗೆ ಹುದುಗಿದ ಕಡೆ ಕೊಳೆಯತೊಡಗಿದವು. ಸೋರಿದಾಗ ದೊಡ್ಡಪ್ಪ ಮೇಲೊಂದು ಸಿಮೆಂಟ್ ಪದರ ಹಾಕಿಸಿದರು. ಎರಡು ಮಳೆಗಾಲ ಸೋರಲಿಲ್ಲ, ಎಲ್ಲರೂ ಸಂತೋಷಪಟ್ಟೆವು. ಆದರೆ ಸುಣ್ಣದ ಗೋಡೆ ನೀರು ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಸಿಮೆಂಟ್ ಅದನ್ನು ಬಿಡಲು ಬಿಡುವುದಿಲ್ಲ. ತೇವ ಒಳಗೇ ಉಳಿಯಿತು, ತೊಲೆಯ ಮೇಲೆ ಭಾರ ಹೆಚ್ಚಿತು. ಮುಂಗೋಡೆಯ ಸಂದಿಯಲ್ಲಿ ಒಂದು ಅರಳಿ ಸಸಿ ಹುಟ್ಟಿತು. ಅರಳಿ ಕೀಳಬಾರದು ಎಂದು ಅಮ್ಮ ಕೀಳಲು ಬಿಡಲಿಲ್ಲ. ದುರಸ್ತಿಗೆ ಸಾಲ ಕೇಳಲು ಹೋದ ಬ್ಯಾಂಕಿನಲ್ಲಿ, ಕೆಡವಿ ಕಟ್ಟುವುದಾದರೆ ಕೊಡೋಣ, ಈ ಹಳೇ ಮನೆಗೆ ಕಷ್ಟ ಎಂದರು. ಕೊನೆಗೆ ಮಾರಿದೆವು. ಕೊಂಡವರು ಕೆಡವಿದರು. ಅವರನ್ನು ನಾನು ದೂರಲಾರೆ. ಕೆಡವಿದ್ದು ಅವರು, ಬೀಳಿಸಿದ್ದು ನಾವು.

ಇದನ್ನು ಹೇಳಿದ್ದು ಮನೆಯ ಕಥೆ ಹೇಳಿ ಕಣ್ಣೀರು ಹಾಕಲು ಅಲ್ಲ. ದೇವರಾಜ ಮಾರುಕಟ್ಟೆಗೂ ನಮ್ಮ ಮನೆಗೂ ಆದದ್ದು ಒಂದೇ ಎಂದು ತೋರಿಸಲು. ಅಲ್ಲಿ ಮಾಲೀಕರು ಪಾಲಿಕೆ. ವ್ಯಾಪಾರಿಗಳು ಬಾಡಿಗೆದಾರರು. ಬಾಡಿಗೆದಾರ ತನ್ನದಲ್ಲದ ಸೂರಿಗೆ ದುಡ್ಡು ಹಾಕುವುದಿಲ್ಲ. ಮಾಲೀಕರಿಗೆ ಹಳೆಯ ದರದ ಬಾಡಿಗೆಯಿಂದ ನೂರಾರು ಮಳಿಗೆಗಳ ಸೂರು ನೋಡಿಕೊಳ್ಳುವುದು ನಷ್ಟದ ಬಾಬತ್ತು. ಈ ನಡುವೆ ಪ್ರತಿಯೊಬ್ಬರೂ ತಮ್ಮ ಅನುಕೂಲಕ್ಕೆ ಒಂದು ಗೋಡೆ ಕೊರೆದಿದ್ದಾರೆ, ಒಂದು ಶೀಟು ಹಾಕಿದ್ದಾರೆ, ಒಂದು ವೈರು ಎಳೆದಿದ್ದಾರೆ. ಅಲ್ಲಿಯೂ ತೂಬು ಯಾರದ್ದೂ ಅಲ್ಲ.

ಕುಸಿದ ಮೇಲೆ ಏನಾಯಿತು ನಿಮಗೆಲ್ಲ ಗೊತ್ತು. ಒಂದು ತಜ್ಞರ ತಂಡ ಇದನ್ನು ಉಳಿಸಲಾಗದು, ಕೆಡವಿ ಅದೇ ಮಾದರಿಯಲ್ಲಿ ಕಟ್ಟಿ ಎಂದಿತು. ಪಾರಂಪರಿಕ ಕಟ್ಟಡಗಳ ತಜ್ಞರು ದುರಸ್ತಿ ಸಾಧ್ಯ ಎಂದರು. ವಿಷಯ ಹೈಕೋರ್ಟಿನ ತನಕ ಹೋಯಿತು. ಪತ್ರಿಕೆಗಳಲ್ಲಿ ಕಮಾನು, ಗೋಪುರ, ಇಂಡೋ ಸಾರಸೆನಿಕ್ ಶೈಲಿ, ಒಡೆಯರ ಕಾಲದ ವೈಭವ ಎಂದು ಪುಟಗಟ್ಟಲೆ ಬಂತು. ನಾನೂ ಬರೆದೆ.

ಮಾರುಕಟ್ಟೆಯೊಳಗೆ ಹೋಗಿ ಮಾತಾಡಿದರೆ ಕಮಾನಿನ ವಿಷಯವನ್ನು ಯಾರೂ ತಾವಾಗಿ ಎತ್ತುವುದಿಲ್ಲ. ಹೂವಿನವರು ಕೇಳುವುದು ಜಾಗದ ಬಗ್ಗೆ. ಈಗ ಕೂತಿರುವ ಕಡೆಗೆ ಬೆಳಗಿನ ಗಾಳಿ ಬರುತ್ತದೆ, ಮಧ್ಯಾಹ್ನದ ಬಿಸಿಲು ಬರುವುದಿಲ್ಲ, ಮಲ್ಲಿಗೆ ಸಂಜೆ ತನಕ ಬಾಡುವುದಿಲ್ಲ. ಹೊಸ ಕಟ್ಟಡದ ನೆಲಮಾಳಿಗೆಗೆ ಹಾಕಿದರೆ ಹೂವಿನ ಗತಿ ಏನು? ಎಲೆಯವರು ಕೇಳುವುದು ಗಿರಾಕಿಯ ಬಗ್ಗೆ. ವೀಳ್ಯದೆಲೆ ಕೊಂಡವರು ಅಲ್ಲೇ ನಾಲ್ಕು ಹೆಜ್ಜೆಗೆ ಬಾಳೆಹಣ್ಣು, ಕುಂಕುಮ, ಊದುಬತ್ತಿ ಕೊಳ್ಳುತ್ತಾರೆ. ಮಹಡಿ ಮೇಲೆ ಒಂದು, ಕೆಳಗೆ ಒಂದು ಮಾಡಿದರೆ ಹಬ್ಬದ ದಿನ ಯಾರು ಹತ್ತಿ ಬರುತ್ತಾರೆ? ಎಲ್ಲರೂ ಕೇಳುವುದು ಒಂದು ಪ್ರಶ್ನೆ: ಕೆಲಸ ಮುಗಿಯುವ ತನಕ ನಾವೆಲ್ಲಿ, ಮುಗಿದ ಮೇಲೆ ನಮ್ಮ ಜಾಗ ನಮಗೇ ಎನ್ನುವುದಕ್ಕೆ ಏನು ಬರಹ? ಲ್ಯಾನ್ಸ್‌ಡೌನ್ ಕಟ್ಟಡವನ್ನು ಅವರು ದಿನಾ ನೋಡುತ್ತಾರೆ. ಅಲ್ಲಿಂದ ಎಬ್ಬಿಸಿದ ಅಂಗಡಿಯವರು ಹತ್ತು ವರ್ಷ ಕಳೆದರೂ ಮರಳಿ ಬರಲಿಲ್ಲ.

ಈ ಮಾತುಗಳನ್ನು ಕೇಳಿದಾಗ ಮೊದಲಿಗೆ ನನಗೆ ಬೇಸರವಾಗಿತ್ತು. ಇವರಿಗೆ ಕಟ್ಟಡದ ಬೆಲೆ ಗೊತ್ತಿಲ್ಲ ಅನ್ನಿಸಿತ್ತು. ನಿಧಾನಕ್ಕೆ ಅರ್ಥವಾಯಿತು. ಗಾಳಿ, ಬೆಳಕು, ನೆರಳು, ಅಂಗಡಿ ಅಂಗಡಿಯ ನಡುವಿನ ನಾಲ್ಕು ಹೆಜ್ಜೆ, ಇದೇ ಆ ಕಟ್ಟಡ. ನೂರು ವರ್ಷಕ್ಕೂ ಹಿಂದೆ ಅದನ್ನು ಕಟ್ಟಿದವರ ಜಾಣತನವನ್ನು ಎಲೆ ಮಾರುವವರು ನನಗಿಂತ ಚೆನ್ನಾಗಿ ವರ್ಣಿಸುತ್ತಿದ್ದರು. ಮುಂಭಾಗ ಹಾಗೇ ಉಳಿಸಿ ಒಳಗೆ ಬೇರೆ ಏನನ್ನೋ ಕಟ್ಟುವ ಯೋಜನೆಯನ್ನು ಅವರು ಒಪ್ಪದಿದ್ದರೆ, ಅದು ಪರಂಪರೆಯ ಪರವಾದ ವಾದ. ನಾವು ಮಾತ್ರ ಅದನ್ನು ಬಾಡಿಗೆ ಜಗಳ ಎಂದು ಕರೆದೆವು.

ಕಾನೂನು ಏನು ಮಾಡುತ್ತದೆ ಎಂದು ಕೆಲವರು ಕೇಳುತ್ತೀರಿ. ಕೇಂದ್ರದ 1958ರ ಕಾಯ್ದೆ, ರಾಜ್ಯದ 1961ರ ಕಾಯ್ದೆ, ಎರಡೂ ಮುಖ್ಯವಾಗಿ ಸ್ಮಾರಕಗಳಿಗೆ. ದೇವಸ್ಥಾನ, ಕೋಟೆ, ಶಾಸನ ಇಂಥವಕ್ಕೆ. ವ್ಯಾಪಾರ ನಡೆಯುವ ಮಾರುಕಟ್ಟೆ, ಜನ ವಾಸವಿರುವ ಬೀದಿ ಅವುಗಳ ಲೆಕ್ಕಕ್ಕೆ ಸುಲಭವಾಗಿ ಸಿಗುವುದಿಲ್ಲ. ನಗರ ಯೋಜನೆಯ ನಿಯಮಗಳಲ್ಲಿ ಪಾರಂಪರಿಕ ಪಟ್ಟಿಗಳು ಬಂದದ್ದು ತಡವಾಗಿ. 1995ರಲ್ಲಿ ಮುಂಬೈ ದಾರಿ ತೋರಿಸಿತು. ಮೈಸೂರಿಗೂ ಪಟ್ಟಿ ಇದೆ, ಸಮಿತಿ ಇದೆ. ಪಟ್ಟಿಗೆ ಸೇರಿದ ಮನೆಯ ಮಾಲೀಕರಿಗೆ ಮಾತ್ರ ಪಟ್ಟಿಯಿಂದ ತಲುಪುವುದು ಹೆಚ್ಚಾಗಿ ‘ಮಾಡಬೇಡಿ’ ಎನ್ನುವ ಕಾಗದ. ಹೀಗೆ ಮಾಡಿ, ಮಾಡಲು ಇಷ್ಟು ನೆರವು ತೆಗೆದುಕೊಳ್ಳಿ ಎನ್ನುವ ಕಾಗದ ಅಪರೂಪ. ಹಾಗಾಗಿ ಮನೆಯವರು ಪಟ್ಟಿಗೆ ಹೆದರುತ್ತಾರೆ, ಹೆಸರು ಬರುವ ಮೊದಲೇ ಕೆಡವಿದರೆ ಕ್ಷೇಮ ಎಂದುಕೊಳ್ಳುತ್ತಾರೆ.

ಬೆಂಗಳೂರಿನಲ್ಲಿ ಗೆದ್ದ ಉದಾಹರಣೆ ಒಂದಿದೆ. ಅಠಾರಾ ಕಚೇರಿ, ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ, 1868ರಲ್ಲಿ ಪೂರ್ತಿಯಾದದ್ದು. 1980ರ ದಶಕದಲ್ಲಿ ಅದನ್ನು ಕೆಡವುವ ಮಾತು ಬಂದಾಗ ನಾಗರಿಕರು ನ್ಯಾಯಾಲಯಕ್ಕೆ ಹೋದರು, ಊರು ಎದ್ದು ನಿಂತಿತು, ಕಟ್ಟಡ ಉಳಿಯಿತು. ಆ ಹೋರಾಟದ ಬಗ್ಗೆ ನನಗೆ ಅಪಾರ ಗೌರವ. ಆದರೆ ಅದು ಉಳಿದದ್ದಕ್ಕೆ ಇನ್ನೊಂದು ಕಾರಣವನ್ನೂ ನೋಡಬೇಕು. ಅಲ್ಲಿ ಇವತ್ತಿಗೂ ಹೈಕೋರ್ಟ್ ನಡೆಯುತ್ತದೆ. ಬೆಳಗಾದರೆ ಯಾರೋ ಬೀಗ ತೆಗೆಯುತ್ತಾರೆ, ಸೋರಿದರೆ ಯಾರೋ ದೂರು ಕೊಡುತ್ತಾರೆ. ಖಾಲಿ ಮಾಡಿಸಿ ಬೀಗ ಹಾಕಿದ ಕಟ್ಟಡಕ್ಕೆ ಆ ಭಾಗ್ಯವಿಲ್ಲ.

ಬೀದಿಗಳನ್ನೇ ಉಳಿಸಿಕೊಳ್ಳಲು ಹೊರಟ ಊರು ಅಹಮದಾಬಾದ್. ಅಲ್ಲಿನ ‘ಪೋಳ್’ಗಳು ನಮ್ಮ ಅಗ್ರಹಾರದ ಬೀದಿಗಳ ಹಾಗೆ: ಇಕ್ಕಟ್ಟು, ಮರದ ಕಂಬ, ಅಂಟಿಕೊಂಡ ಮನೆಗಳು. 1996ರಲ್ಲಿ ಪಾಲಿಕೆಯೊಳಗೇ ಒಂದು ಪಾರಂಪರಿಕ ಘಟಕ ತೆರೆದರು. ಮರುವರ್ಷ ಹೆರಿಟೇಜ್ ವಾಕ್ ಶುರುವಾಯಿತು. 2017ರಲ್ಲಿ ಆ ಹಳೆಯ ನಗರ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ಎಲ್ಲವೂ ಚೆನ್ನಾಗಿದೆ ಎಂದು ನಾನು ಹೇಳುತ್ತಿಲ್ಲ, ಅಲ್ಲಿಯೂ ಮನೆಗಳು ಬೀಳುತ್ತಿವೆ. ಆದರೆ ಘಟಕ ತೆರೆದದ್ದಕ್ಕೂ ಪಟ್ಟಿಗೆ ಸೇರಿದ್ದಕ್ಕೂ ನಡುವೆ ಇಪ್ಪತ್ತು ವರ್ಷದ ಕೆಲಸ ಇದೆ ನೋಡಿ.

ಇನ್ನು ನನ್ನ ಬೇಡಿಕೆಗಳು. ಮೊದಲನೆಯದು, ಪಾರಂಪರಿಕ ಸಮಿತಿಯಲ್ಲಿ ಆ ಕಟ್ಟಡದಲ್ಲಿ ಕೂತು ಬದುಕುವವರಿಗೆ ಕುರ್ಚಿ ಇರಬೇಕು. ಆಹ್ವಾನಿತರಾಗಿ ಅಲ್ಲ, ಸದಸ್ಯರಾಗಿ. ತಜ್ಞರು ಗೋಡೆಯ ಬಿರುಕನ್ನು ಓದಬಲ್ಲರು. ಆ ಬಿರುಕು ಯಾವ ವರ್ಷದ ಮಳೆಗೆ ಬಂತು ಎಂದು ಬಲ್ಲವರು ಅಂಗಡಿಯವರು. ಎರಡನೆಯದು, ದುರಸ್ತಿಗೆಂದು ಎಬ್ಬಿಸುವಾಗ ಮರಳಿ ಬರುವ ಹಕ್ಕನ್ನು ಹೆಸರು, ಜಾಗದ ಸಮೇತ ಕಾಗದದಲ್ಲಿ ಕೊಡಬೇಕು. ಹಾಗೆ ಕೊಟ್ಟರೆ ಎಬ್ಬಿಸುವ ಕೆಲಸವೇ ಅರ್ಧ ಹಗುರವಾಗುತ್ತದೆ. ಮೂರನೆಯದು, ಖಾಸಗಿ ಮನೆಗಳಿಗೆ ದುರಸ್ತಿ ಸಾಲ ಸಿಗಬೇಕು, ಕಂದಾಯದಲ್ಲಿ ರಿಯಾಯಿತಿ ಸಿಗಬೇಕು. ಸಂವಿಧಾನದ 51ಎ ವಿಧಿ ಪರಂಪರೆ ಕಾಪಾಡುವುದು ಪ್ರತಿ ಪ್ರಜೆಯ ಕರ್ತವ್ಯ ಎನ್ನುತ್ತದೆ. ಕರ್ತವ್ಯ ಇಡೀ ಊರಿನದ್ದಾದರೆ ಖರ್ಚು ಒಂದೇ ಮನೆಯವರದ್ದು ಹೇಗಾಗುತ್ತದೆ?

ಗಾರೆ ಕೆಲಸದ ಮೇಸ್ತ್ರಿಗಳ ಮಾತು ಬಾಕಿ ಉಳಿಯಿತು. ನಮ್ಮ ತಾರಸಿಯನ್ನು ಕೊನೆಯ ಸಲ ನೋಡಿದ ಮೇಸ್ತ್ರಿ ಸುಣ್ಣವನ್ನು ನೀರಿನಲ್ಲಿ ಕೊಳೆ ಹಾಕುವುದರಿಂದ ಹಿಡಿದು ಎಲ್ಲ ಬಲ್ಲವರಾಗಿದ್ದರು. ಅವರ ಮಗ ಈಗ ಟೈಲ್ಸ್ ಹಾಕುತ್ತಾರೆ, ಏಕೆಂದರೆ ಸುಣ್ಣದ ಕೆಲಸಕ್ಕೆ ಕರೆಯುವವರಿಲ್ಲ. ನಾಳೆ ಸರ್ಕಾರ ದುಡ್ಡು ಕೊಟ್ಟರೂ ಕೆಲಸ ಮಾಡುವ ಕೈ ಬೇಕಲ್ಲ. ಪಾಲಿಕೆಯ ಒಂದೇ ಒಂದು ಹಳೆಯ ಕಟ್ಟಡದ ನಿರ್ವಹಣೆಯನ್ನು ಇಂಥ ನಾಲ್ಕೈದು ಮೇಸ್ತ್ರಿಗಳಿಗೆ ವರ್ಷಪೂರ್ತಿ ಒಪ್ಪಿಸಿ, ಜೊತೆಗೆ ಹತ್ತು ಹುಡುಗರನ್ನು ಕಲಿಯಲು ಹಾಕಿದರೂ ಸಾಕಿತ್ತು.

ಮುಂಗಾರಿಗೆ ಇನ್ನು ಕೆಲವೇ ವಾರ ಇದೆ. ಹಳೆಯ ಮನೆಯಿರುವವರು ಈ ಭಾನುವಾರ ತಾರಸಿ ಹತ್ತಿ ತೂಬು ನೋಡಿ. ಅರಳಿ ಸಸಿ ಕಂಡರೆ ಕೈಮುಗಿದು, ಬೇರು ಸಮೇತ ತೆಗೆದು, ಬೇರೆ ಕಡೆ ನೆಡಿ. ನಮ್ಮಮ್ಮನಿಗೆ ನಾನು ಆಗ ಹೇಳಬೇಕಿದ್ದ ಮಾತು ಅದು.

ಇಲ್ಲಿಗೆ ನನ್ನ ಸಮಯ ಆಯಿತು. ಇನ್ನು ಸಂವಾದ. ಹಿಂದಿನ ಸಾಲಿನಲ್ಲಿ ಮಾರುಕಟ್ಟೆಯಿಂದ ಅಂಗಡಿ ಮುಚ್ಚಿಕೊಂಡು ಬಂದವರು ಐದಾರು ಜನ ಕೂತಿದ್ದೀರಿ. ಅಧ್ಯಕ್ಷರೇ, ತಮ್ಮ ಅಪ್ಪಣೆಯಿದ್ದರೆ ಮೈಕು ಮೊದಲು ಅಲ್ಲಿಗೆ ಹೋಗಲಿ.