ಮುಚ್ಚಿದ ಶಾಲೆಯ ಮೇಷ್ಟ್ರು

ಕೇಳುಗರಿಗೆ ನಮಸ್ಕಾರ.

ಅಕ್ಷರ ಕಲಿಸಿದ ತಪ್ಪಿಗೆ 50 ಛಡಿಯೇಟಿನವರೆಗೆ ಶಿಕ್ಷೆ. ಅದರ ಮೇಲೆ 50 ಡಾಲರ್‌ವರೆಗೆ ದಂಡ. ಕಪ್ಪು ಜನ ತಮ್ಮವರಿಗಾಗಿ ಶಾಲೆ ನಡೆಸಬಾರದು ಎಂದು ಅಮೆರಿಕದ ಸೌತ್ ಕೆರೊಲಿನಾ ರಾಜ್ಯ 1834ರಲ್ಲಿ ಮಾಡಿದ ಕಾನೂನು ಇದು. ಅದರಿಂದ ಶಾಲೆ ಕಳೆದುಕೊಂಡ ಒಬ್ಬ ಮೇಷ್ಟ್ರ ಕತೆ ಹೇಳುತ್ತೇನೆ. ಅವರ ಹೆಸರು ಡೇನಿಯಲ್ ಪೇನ್.

ಪೇನ್ ಹುಟ್ಟಿದ್ದು 1811ರಲ್ಲಿ, ಚಾರ್ಲ್‌ಸ್ಟನ್ ಊರಿನಲ್ಲಿ. ತಂದೆ ತಾಯಿ ಗುಲಾಮರಲ್ಲ. ಆದರೆ ಇಬ್ಬರೂ ಬೇಗ ತೀರಿಕೊಂಡರು. ಹುಡುಗ ಬಡಗಿ ಕೆಲಸ ಕಲಿತ, ದರ್ಜಿ ಕೆಲಸವನ್ನೂ ಕಲಿತ. 18ನೇ ವಯಸ್ಸಿಗೆ ಒಂದು ಶಾಲೆ ತೆರೆದ. ಹಗಲು ಮೂರು ಮಕ್ಕಳು, ರಾತ್ರಿ ಮೂವರು ಗುಲಾಮರು. ತಲೆಗೆ ತಿಂಗಳಿಗೆ 50 ಸೆಂಟ್. ಎಲ್ಲಾ ಸೇರಿ 3 ಡಾಲರ್! ಹೊಟ್ಟೆ ತುಂಬಬೇಕಲ್ವಾ? ಶಾಲೆ ಬಿಟ್ಟು, ಒಬ್ಬ ಗುಲಾಮರ ಒಡೆಯನ ಜೊತೆ ಕೆಲಸದಾಳಾಗಿ ಹೊರದೇಶಕ್ಕೆ ಹೋಗಲು ಹೊರಟ. ಆಗ ಆ ಒಡೆಯನೇ ಹೇಳಿದನಂತೆ: ಯಜಮಾನನಿಗೂ ಗುಲಾಮನಿಗೂ ಇರುವ ವ್ಯತ್ಯಾಸ ತಿಳಿವಳಿಕೆ ಒಂದೇ. ಹುಡುಗನಿಗೆ ಅಷ್ಟೇ ಸಾಕಾಯಿತು. ಹಾಗಾದರೆ ಆ ತಿಳಿವಳಿಕೆಯನ್ನೇ ಸಂಪಾದಿಸುತ್ತೇನೆ ಎಂದು ಮತ್ತೆ ಶಾಲೆ ತೆರೆದ.

ಹೆಚ್ಚಿನದನ್ನೆಲ್ಲ ಪೇನ್ ತಾವೇ ಓದಿ ಕಲಿತರು. ಒಂದು ಗ್ರಹಣದ ದಿನ ಬರಿಗಣ್ಣಲ್ಲಿ ಸೂರ್ಯನನ್ನು ನೋಡಿ ಕಣ್ಣೇ ಹೋಗುವ ಹಾಗಾಗಿತ್ತು! ಕಲಿಯುವ ಹಸಿವು ಅಂಥದ್ದು. ಆಮೇಲೆ ಬಂದದ್ದು ಆ ಕಾನೂನು. 1835ರ ಮೇ ತಿಂಗಳಲ್ಲಿ ಅವರು ಊರು ಬಿಟ್ಟು ಉತ್ತರಕ್ಕೆ ಹೋದರು.

ಅಲ್ಲಿ ಗೆಟ್ಟಿಸ್‌ಬರ್ಗ್‌ನಲ್ಲಿ ಧರ್ಮಶಾಸ್ತ್ರ ಓದಿದರು. ಮುಂದೆ ಕಪ್ಪು ಜನರೇ ಕಟ್ಟಿಕೊಂಡ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚ್ ಸೇರಿ ಬೋಧಕರಾದರು, 1852ರಲ್ಲಿ ಬಿಷಪ್ ಆದರು. ಬೋಧಕರೂ ಓದಲೇಬೇಕು ಎಂದು ಹಟ ಹಿಡಿದು ಸ್ವಂತ ಚರ್ಚಿನವರಿಂದಲೇ ಬೈಸಿಕೊಂಡರು.

ಒಹಾಯೊ ರಾಜ್ಯದ ವಿಲ್ಬರ್‌ಫೋರ್ಸ್ ಕಾಲೇಜು ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದಿಂದಾಗಿ ಮುಚ್ಚಿತ್ತು. 1863ರಲ್ಲಿ ಅದು ಮಾರಾಟಕ್ಕೆ ಬಂತು, ಬೆಲೆ 10,000 ಡಾಲರ್. ಪೇನ್ ಕೈಯಲ್ಲಿ 10 ಡಾಲರೂ ಇರಲಿಲ್ಲ. ಆದರೂ ದೇವರ ಹೆಸರಲ್ಲಿ, ಚರ್ಚಿನ ಪರವಾಗಿ ಕೊಳ್ಳುತ್ತೇನೆ ಎಂದು ಮಾತು ಕೊಟ್ಟುಬಿಟ್ಟರು. ಅವರ ಇಡೀ ಬದುಕಿನಲ್ಲಿ ನನಗೆ ಜಾಸ್ತಿ ಇಷ್ಟವಾದ ಗಳಿಗೆ ಇದು. ಹಾಗೆ ಅಮೆರಿಕದ ಕಾಲೇಜೊಂದಕ್ಕೆ ಮೊದಲ ಬಾರಿ ಕಪ್ಪು ವರ್ಣದವರೊಬ್ಬರು ಅಧ್ಯಕ್ಷರಾದರು. 1876ರವರೆಗೂ ಆ ಹೊಣೆ ಅವರದೇ ಆಗಿತ್ತು.

ಮೊದಲ ವರ್ಷಗಳು ಸುಮ್ನೆ ಕಳೆಯಲಿಲ್ಲ. 1865ರ ಏಪ್ರಿಲ್ 14, ಅಮೆರಿಕದ ಅಧ್ಯಕ್ಷ ಲಿಂಕನ್‌ಗೆ ಗುಂಡು ಬಿದ್ದ ದಿನ. ಅದೇ ದಿನ ಯಾರೋ ಕಾಲೇಜಿನ ಮುಖ್ಯ ಕಟ್ಟಡಕ್ಕೆ ಬೆಂಕಿ ಇಟ್ಟರು. ಕಟ್ಟಡ ಸುಟ್ಟುಹೋಯಿತು.

ಮರು ತಿಂಗಳೇ ಪೇನ್ ದಕ್ಷಿಣಕ್ಕೆ ಪ್ರಯಾಣ ಹೊರಟರು, ಚಾರ್ಲ್‌ಸ್ಟನ್‌ನಲ್ಲಿ ತಮ್ಮ ಚರ್ಚನ್ನು ಮತ್ತೆ ಕಟ್ಟಲು. ಶಾಲೆ ಮುಚ್ಚಿ ಊರು ಬಿಟ್ಟು ಆಗ ಸರಿಯಾಗಿ 30 ವರ್ಷವಾಗಿತ್ತು.

ನಮಸ್ಕಾರ.